ಒದ್ದೆ ಹಣೆಯ ಮೇಲಿಟ್ಟ ಪಟ್ಟಿ

ಗಂಗಾನಗರದ ನಮ್ಮ ಬೀದಿಯ ಡಾಕ್ಟರಮ್ಮನವರು ಕೈಗಡಿಯಾರವನ್ನು ಮಣಿಕಟ್ಟಿನ ಒಳಬದಿಗೆ ಕಟ್ಟುತ್ತಿದ್ದರು. ನಾಡಿ ಹಿಡಿದಾಗ ಮುಳ್ಳು ಅವರ ಕಣ್ಣಿಗೆ ನೇರವಾಗಿರುತ್ತಿತ್ತು. ಅಷ್ಟು ಹೊತ್ತು ಎದುರಿನವರು ತುಟಿ ಬಿಚ್ಚುವಂತಿರಲಿಲ್ಲ. ಮನೆಯೊಳಗೆ ದಖ್ಖನಿ ಉರ್ದು, ಮುಂಗೋಣೆಯ ಕ್ಲಿನಿಕ್ಕಿನಲ್ಲಿ ಬೆಂಗಳೂರಿನ ಕನ್ನಡ. "ಮರ್ಯಾದೆ ಜ್ವರಕ್ಕೆ ಕೊಡಿ, ನನಗೆ ಬೇಡ" ಎಂದು ಗದರುತ್ತಿದ್ದರು.

ಎಂಬತ್ತರ ದಶಕದ ಆರಂಭದಲ್ಲೊಮ್ಮೆ, ಇನ್ನೂ ಶಾಲೆ ಸೇರದ ನನ್ನ ಮಗಳಿಗೆ ಜ್ವರ ಬಂತು. ಹೆಂಡತಿ ಹಣೆಗೆ ತಣ್ಣೀರು ಬಟ್ಟೆ ಹಾಕುತ್ತಿದ್ದಳು. ದುಬೈಯಿಂದ ರಜೆಗೆ ಬಂದಿದ್ದ ಅವಳ ಅಣ್ಣ ಪೆಟ್ಟಿಗೆಯಿಂದ ಪ್ಲಾಸ್ಟಿಕ್ ಪಟ್ಟಿಯೊಂದನ್ನು ತೆಗೆದ. ಹಣೆಗೆ ಒತ್ತಿ ಹಿಡಿದರೆ ಶಾಖಕ್ಕೆ ತಕ್ಕ ಅಂಕಿ ಅದರ ಮೇಲೆ ಹಸಿರಾಗಿ ಮೂಡುತ್ತಿತ್ತು. ಬಟ್ಟೆ ಸರಿಸಿ ಒತ್ತಿದ.

"ನೋಡಿ, ನಾರ್ಮಲ್ಲು!"

ಮಗುವಿನ ಹೊಟ್ಟೆ ಮಾತ್ರ ಕಾದ ಹೆಂಚಿನಂತಿತ್ತು. ಡಾಕ್ಟರಮ್ಮನವರನ್ನು ಕರೆತರುತ್ತೇನೆಂದೆ.

"ಏನ್ ಭಾವಾ, ಎಲ್ಲದಕ್ಕೂ ಹೆದರ್ತೀರಿ! ಇಂಥ ಪುಕ್ಕಲರಿಗೆ ತಂಗೀನ ಕೊಟ್ವಲ್ಲ" ಎಂದು ಎಲ್ಲರೆದುರು ನಕ್ಕ. ಆ ನಗುವನ್ನು ನಾನು ಇಂದಿಗೂ ಕ್ಷಮಿಸಿಲ್ಲ.

"ಅಣ್ಣ ಹೇಳ್ತಿದಾನಲ್ರೀ, ಸ್ವಲ್ಪ ನೋಡೋಣ" ಎಂದಳು ಹೆಂಡತಿ. ಕುಳಿತೆ. ಆದರೆ ಹೆಸರು ಹಿಡಿದು ಕರೆದರೂ ಮಗು ಕಣ್ಣು ಹೊರಳಿಸಲಿಲ್ಲ. ಚಪ್ಪಲಿಯನ್ನೂ ಮೆಟ್ಟದೆ ಓಡಿದೆ.

ಡಾಕ್ಟರಮ್ಮ ಬಂದವರು ಮೊದಲು ನೋಡಿದ್ದು ಬಟ್ಟೆಯನ್ನು, ಆಮೇಲೆ ಪಟ್ಟಿಯನ್ನು.

"ಒದ್ದೆ ಬಟ್ಟೆ ತೆಗೆದ ತಕ್ಷಣ ಇಟ್ರಾ?"

"ಹೌದು. ನಾರ್ಮಲ್ ತೋರಿಸ್ತು" ಎಂದ ನನ್ನ ಹೆಂಡತಿಯ ಅಣ್ಣ.

"ನೀವು ಬಟ್ಟೆಗೆ ಜ್ವರ ನೋಡಿದ್ರಿ ಕಣ್ರೀ, ಮಗೂಗಲ್ಲ!"

ಫ್ಯಾನ್ ನಿಲ್ಲಿಸಿದರು. ಹಣೆಯನ್ನು ಒರೆಸಿ, "ಚರ್ಮ ಒಣಗ್ಲಿ, ಅದರ ಬಿಸಿ ಅದಕ್ಕೆ ವಾಪಸ್ ಬರ್ಲಿ" ಎಂದು, ಅಷ್ಟರಲ್ಲಿ ಕಂಕುಳಿಗೆ ತಮ್ಮ ಗಾಜಿನ ಥರ್ಮಾಮೀಟರ್ ಇಟ್ಟರು. ಕಾದೆವು. ತಂದೆಯಾದವನು ಯೋಚಿಸಬಾರದ್ದನ್ನೆಲ್ಲ ಅಷ್ಟು ಹೊತ್ತಿನಲ್ಲಿ ನಾನು ಯೋಚಿಸಿದೆ. ಕೊನೆಗೆ ಪಟ್ಟಿ ಇಟ್ಟಾಗ ಹಸಿರು ಏರುತ್ತ ಏರುತ್ತ ಕಡೆಯ ಅಂಕಿಗೆ ಹೋಗಿ ನಿಂತಿತು. ಪಾದರಸವೂ ಅದನ್ನೇ ಹೇಳಿತು. ಮಗುವಿನ ತಲೆ ಎತ್ತಲು ನೋಡಿದರು. ಕುತ್ತಿಗೆ ಬಾಗಲಿಲ್ಲ. ಸದಾ ಗದರುತ್ತಿದ್ದ ಅವರ ದನಿ ತಗ್ಗಿತು. ನನಗೆ ನಿಜವಾದ ಭಯ ಹುಟ್ಟಿದ್ದು ಆಗಲೇ.

"ಬೇಟೀನ ಎತ್ಕೊಳ್ಳಿ. ನನ್ನ ಕಾರಲ್ಲೇ ಹೋಗೋಣ."

ಅದು ಮೆದುಳು ಜ್ವರ. ಇನ್ನಷ್ಟು ತಡವಾಗಿದ್ದರೆ ಕೈಮೀರುತ್ತಿತ್ತೆಂದು ಆಸ್ಪತ್ರೆಯವರು ಹೇಳಿದರು. ಆಗಲೂ ನನ್ನ ಹೆಂಡತಿಯ ಅಣ್ಣ, "ಫಾರಿನ್ ಮಾಲು, ತಪ್ಪು ತೋರಿಸಲ್ಲ" ಎನ್ನುತ್ತಲೇ ಇದ್ದ.

"ಪಟ್ಟಿ ಸರಿಯಾಗೇ ಇದೆ. ಅವಸರ ನಿಮ್ಮದು" ಎಂದ ಡಾಕ್ಟರಮ್ಮ ನನ್ನ ಕಡೆ ತಿರುಗಿದರು. "ಹೆದರಿದ್ದು ಒಳ್ಳೇದಾಯ್ತು ಕಣ್ರೀ. ಹೆದರದ ಅಪ್ಪಂದಿರು ನನ್ನ ಹತ್ರ ತಡವಾಗಿ ಬರ್ತಾರೆ."

ಪುಕ್ಕಲನೆಂಬ ಮಾತಿಗೆ ಅದಕ್ಕಿಂತ ಉತ್ತಮವಾದ ಉತ್ತರ ನನಗೆ ಇಂದಿಗೂ ಸಿಕ್ಕಿಲ್ಲ.

ಡಾಕ್ಟರಮ್ಮ ತೀರಿಕೊಂಡ ದಿನ, ಅವರನ್ನು ಹೊತ್ತೊಯ್ಯುವಾಗ, ನನ್ನ ಮಗಳು ತನ್ನ ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಬೀದಿಯ ಕೊನೆಯವರೆಗೂ ಹಿಂದೆ ನಡೆದಳು. ಅವಳ ಸೋದರಮಾವ ಅಂದು ಊರಲ್ಲೇ ಇದ್ದ. ಬರಲಿಲ್ಲ. ಅದನ್ನೂ ನಾನು ಮರೆತಿಲ್ಲ.