ಗಾಳಿ ನೋಡಿ ಮಾಡಿದ ಕೋರ್ಟು

ನನ್ನ ಚಿಂತೆಗಳಿಗೆ ಕಾರಣ ಬೇಕಾಗುವುದಿಲ್ಲ. ಅವು ಕರೆಯದೆ ಬಂದು ಕಟ್ಟೆಯ ಮೇಲೆ ಕೂತು ‘ಚಹಾ ಆತೇನು’ ಎಂದು ಕೇಳುವ ನೆಂಟರ ಹಾಗೆ. ಆದರೆ ಮಗಳನ್ನು ಟೆನಿಸ್ ಆಯ್ಕೆಗೆಂದು ಜಮಖಂಡಿಗೆ ಕರೆದೊಯ್ಯಬೇಕಾದ ಆ ವರ್ಷ ಮಾತ್ರ ನನ್ನ ಚಿಂತೆಗೆ ಮರ್ಯಾದಸ್ಥ ಕಾರಣವೊಂದಿತ್ತು. ಅಲ್ಲಿಯ ಹಳೆಯ ಕ್ಲಬ್ಬಿನ ಕೋರ್ಟಿನಲ್ಲಿ ಆಡಿಸಿ ನೋಡಿ, ಕೆಲವೇ ಹುಡುಗಿಯರನ್ನು ವರ್ಷವಿಡೀ ತರಬೇತಿಗೆ ತೆಗೆದುಕೊಳ್ಳುವವರಿದ್ದರು. ಮಗಳು ಊಟದ ನಡುವೆಯೂ ಅದನ್ನೇ ಮಾತಾಡುತ್ತಿದ್ದಳು. ಬೂಟು ಇಲ್ಲದೆ ಕೋರ್ಟಿಗೆ ಇಳಿಸುವುದಿಲ್ಲ ಎಂದು ಅವಳ ಶಾಲೆಯ ಪಿ.ಟಿ. ಸರ್ ಹೇಳಿಕಳಿಸಿದ್ದರು. ಅವಳೋ, ಹುಟ್ಟಿದಾಗಿನಿಂದ ಬೂಟು ಹಾಕಿಕೊಂಡು ಒಂದು ಚೆಂಡನ್ನೂ ಹೊಡೆದವಳಲ್ಲ.

ಏಕೆಂದರೆ ಅವಳು ಆಡುತ್ತಿದ್ದದ್ದು ರಾಶಿ ಮಾಡುವ ಕಣದಲ್ಲಿ. ಕಣದೊಳಗೆ ಯಾರೂ ಕಾಲಲ್ಲಿ ಮೆಟ್ಟು ಹಾಕಿಕೊಂಡು ಹೋಗುವಂತಿಲ್ಲ.

ಆಲಮಟ್ಟಿಯ ಹಿನ್ನೀರು ಬೀಳಗಿಯ ಕಡೆ ಏರಿ ನಮ್ಮ ಹಳೆಯ ಊರು ಮುಳುಗಿದಾಗ, ಹೊಸ ಊರಿಗೆ ಬಂದವರೆಲ್ಲ ಮನೆಯ ಜಾಗ ಅಳೆಯುತ್ತಿದ್ದರು. ನನ್ನ ಮಾವ, ನಮ್ಮ ಮನೆಯವರ ತಂದೆ, ಮಾತ್ರ ಬೊಗಸೆ ತುಂಬ ಜೋಳದ ಹೊಟ್ಟು ಹಿಡಿದು ದಿನ್ನೆಯಿಂದ ದಿನ್ನೆಗೆ ತಿರುಗಿ ತೂರಿ ನೋಡುತ್ತಿದ್ದರು. ಹೊಟ್ಟು ಎಲ್ಲಿ ಹೆಚ್ಚು ದೂರ ಹಾರಿತೋ ಅಲ್ಲಿ ಗೂಟ ಹೊಡೆದರು. ರಾಶಿ ತೂರಲು ಅಂಥ ಜಾಗ ಸುತ್ತಲ ಊರುಗಳಲ್ಲಿರಲಿಲ್ಲ. ಕಣ ಬಡಿದು, ಸಗಣಿ ಸಾರಿಸಿ, ಪೂಜೆ ಮಾಡಿ ಕೆಲವು ಸುಗ್ಗಿ ಕಳೆಯುವಷ್ಟರಲ್ಲಿ ರಾಶಿಯ ಮಷೀನು ಹೊಲಕ್ಕೇ ಬರತೊಡಗಿತು. ಮಾವ ಆದರೂ ಪ್ರತಿವರ್ಷ ಕಣ ಸಾರಿಸುವುದನ್ನು ಬಿಡಲಿಲ್ಲ.

ಮಾವನಿಗೆ ಟೆನಿಸ್ ಆಡಲು ಬಾರದಿದ್ದರೂ ಅದರ ಚರಿತ್ರೆ ಅಷ್ಟಿಷ್ಟು ಗೊತ್ತಿತ್ತು. ತರುಣರಿದ್ದಾಗ ಚಹಾದಂಗಡಿಯಲ್ಲಿ ಯಾರೋ ಪೇಪರ್ ಓದಿ ಹೇಳಿದ್ದರಂತೆ: ನಮ್ಮವರು ಡೇವಿಸ್ ಕಪ್ಪಿನ ಫೈನಲ್ ಮುಟ್ಟಿದ್ದರೂ, ಎದುರಿನ ದೇಶ ಕರಿಯರನ್ನು ಮನುಷ್ಯರಂತೆ ಕಾಣುವುದಿಲ್ಲವೆಂದು ಆಡದೇ ಬಿಟ್ಟರು ಎಂದು. “ಕಪ್ಪ ಕೈಯಾಗ ಬರೂದಿತ್ತ ನೋಡವಾ, ಬಿಟ್ರು” ಎಂದು ಅವರು ನನಗೆ ಎಷ್ಟೋ ಸಲ ಹೇಳಿದ್ದಾರೆ. ಆಮೇಲೆ ಟಿ.ವಿ. ಬಂತು. ಒಲಿಂಪಿಕ್ಸಿನಲ್ಲಿ ಕಂಚು ಗೆದ್ದ ಹುಡುಗ, ವಿಂಬಲ್ಡನ್ನಿನಲ್ಲಿ ಜೋಡಿಯಾಗಿ ಗೆದ್ದ ಇಬ್ಬರು, ಅವರ ಹಿಂದೆಯೇ ದೊಡ್ಡ ದೊಡ್ಡವರ ಎದುರು ಚೆಂಡನ್ನು ಸಿಡಿಸಿ ಹೊಡೆಯುವ ಒಬ್ಬ ಹುಡುಗಿ. ಆ ಹುಡುಗಿಯನ್ನು ನೋಡಿದ ದಿನವೇ ನನ್ನ ಮಗಳು ರೊಟ್ಟಿ ಬಡಿಯುವ ಮರದ ಪರಾತ, ಕೊಣಮಿಗೆಯನ್ನು ಎತ್ತಿಕೊಂಡು ಗೋಡೆಗೆ ಚೆಂಡು ಹೊಡೆಯಲು ಹೋಗಿ ಬೈಸಿಕೊಂಡಳು.

“ಮುತ್ಯಾ, ಕಣಾ ಖಾಲಿ ಐತೆಲ್ಲ” ಎಂದು ಅವಳು ಕೇಳಿದ್ದಕ್ಕೆ ಮಾವ ಮರುದಿನ “ಬರಿಗಾಲೀಲೆ ಆಡಬೇಕ ನೋಡ” ಎಂದರು.

ದುಂಡಗಿನ ಕಣದಲ್ಲಿ ಕೋರ್ಟು ಹಿಡಿಯಲಿಲ್ಲ. ಎರಡೂ ತುದಿಗೆ ಮಣ್ಣು ಹಾಕಿ ಉದ್ದ ಮಾಡಿದೆವು. ಸುಣ್ಣದ ಗೆರೆ ಎಳೆದರೆ ಸಂಜೆಯೊಳಗೆ ಗಾಳಿ ಅದನ್ನು ಪಕ್ಕದ ಕಬ್ಬಿಗೆ ಬಳಿದು ಬರುತ್ತಿತ್ತು. ಕೊನೆಗೆ ಬನಹಟ್ಟಿಯ ನೂಲಿನ ಅಂಗಡಿಯಲ್ಲಿ ಕೆಲಸ ಮಾಡುವ ನಮ್ಮ ಮನೆಯವರು ಮಂಚಕ್ಕೆ ಹೆಣೆಯುವ ಬಿಳಿ ನವಾರದ ಪಟ್ಟಿ ತಂದು ಮೊಳೆ ಹೊಡೆದು ಕೂಡಿಸಿದರು. ನೆಟ್ಟೂ ಮಗ್ಗದ ನೂಲಿನದೇ. ಆ ಮೊಳೆ ಕಾಲಿಗೆ ಚುಚ್ಚೀತು, ಕಬ್ಬಿನಲ್ಲಿ ಚೆಂಡು ಹುಡುಕುವಾಗ ಹಾವು ಬಂದೀತು, ಬಿಸಿಲಿಗೆ ಕೂಸು ಕರ್ರಗಾದೀತು ಎಂದು ನಾನು ಚಿಂತಿಸಿದೆ. ಚೆಂಡು ಮಾತ್ರ ಗಾಳಿಗೆ ಹಾರಿ ಹೋಗುತ್ತಿತ್ತು. ಅದರ ಬಗ್ಗೆ ಚಿಂತಿಸಬೇಕೆಂದು ನನಗೆ ಹೊಳೆಯಲೇ ಇಲ್ಲ. ಯಾಕೆಂದರೆ ಮಗಳು ಅದಕ್ಕೂ ಉಪಾಯ ಕಂಡುಕೊಂಡಿದ್ದಳು. ಎಡಗೆರೆಯ ಆಚೆ ಗುರಿಯಿಟ್ಟು ಹೊಡೆಯುತ್ತಿದ್ದಳು, ಗಾಳಿ ಅದನ್ನು ಒಳಗೆ ತಂದು ಹಾಕುತ್ತಿತ್ತು.

ಈಗ ಬೂಟಿನ ಪ್ರಶ್ನೆ. ಆಯ್ಕೆಗೆ ಮುಂಚೆ ಬೂಟಿನಲ್ಲಿ ಓಡಿ ರೂಢಿಯಾಗಬೇಕು, ಕಣದಲ್ಲಿ ಹಾಕುವಂತಿಲ್ಲ. ಹೆದರುತ್ತಲೇ ಮಾವನ ಮುಂದೆ ಹೊಸ ಬೂಟಿನ ಡಬ್ಬಿ ಇಟ್ಟೆ.

ಮಾವ ಬೂಟನ್ನು ತಿರುವಿ ಅಡಿ ನೋಡಿದರು. “ಇದು ಹಾದಿ ತುಳದೈತೇನು?”

“ಇಲ್ರಿ ಮಾವಾರ, ಇವತ್ತ ತಂದದ್ರಿ.”

“ಹಾದಿ ತುಳದದ್ದ ಮೆಟ್ಟು. ಇದು ಇನ್ನಾ ಆಗಿಲ್ಲ” ಎಂದು ಬೂಟಿಗೆ ವಿಭೂತಿ ಹಚ್ಚಿದರು. ಬೂಟನ್ನು ಕಣದ ಅಂಚಿನಲ್ಲೇ ಹಾಕಿ ಅಲ್ಲೇ ಬಿಚ್ಚಬೇಕು, ಒಂದು ಹೆಜ್ಜೆಯೂ ಹಾದಿಯಲ್ಲಿ ಇಡಬಾರದು ಎಂದು ತೀರ್ಮಾನವಾಯಿತು. ಹೀಗಾಗಿ ಆಯ್ಕೆಯ ದಿನ ಜಮಖಂಡಿಯ ಬಸ್ಸಿನಲ್ಲಿ ಬೂಟುಗಳು ಮಾವನ ತೊಡೆಯ ಮೇಲೆ ಟವೆಲ್ಲಿನಲ್ಲಿ ಮಲಗಿ ಬಂದವು. ಕಂಡಕ್ಟರ್ “ಯಜಮಾನ್ರ, ಕೂಸೇನ್ರಿ? ನಿದ್ದಿ ಹತ್ತೇತೇನು?” ಎಂದು ಕೇಳಿದ. “ಹೂಂ, ಅವಳಿ-ಜವಳಿ ಕೂಸ” ಎಂದು ಮಾವ ಅವನಿಗೆ ಟವೆಲ್ಲನ್ನು ಸರಿಸಿ ತೋರಿಸಿದರು.

ಕ್ಲಬ್ಬಿನ ಕೋರ್ಟಿನ ಸುತ್ತ ದೊಡ್ಡ ಬೇವಿನ ಮರಗಳು. ಎಲೆ ಅಲುಗುತ್ತಿರಲಿಲ್ಲ. ನೆರಳಿದೆ, ತಂಪಿದೆ ಎಂದು ನಾನು ಎಂದೂ ಇಲ್ಲದ ಸಮಾಧಾನದಿಂದ ಕೂತೆ. ಆಗ ಆಟ ಶುರುವಾಯಿತು. ಮಗಳ ಮೊದಲ ಹೊಡೆತ ಎಡಗೆರೆಯ ಹೊರಗೆ ಬಿತ್ತು. ಎರಡನೆಯದೂ ಹೊರಗೆ. ಅವಳು ಗಾಳಿಯನ್ನು ಕಾಯುತ್ತಿದ್ದಳು, ಗಾಳಿ ಬರುತ್ತಿರಲಿಲ್ಲ. ಎದುರಿನ ಹುಡುಗಿ ಏನೂ ಮಾಡದೆ ಗೆಲ್ಲುತ್ತ ಹೋದಳು. ಮಗಳು ಬೂಟಿನ ತುದಿ ನೋಡಿಕೊಳ್ಳತೊಡಗಿದಳು.

ಮಾವ ಎದ್ದು ತಂತಿಬೇಲಿಯ ಬಳಿ ಹೋದರು. ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಎತ್ತಿ ಬಿಟ್ಟರು. ಅದು ನೆಟ್ಟಗೆ ಅವರ ಕಾಲ ಮೇಲೆಯೇ ಬಿತ್ತು.

“ಕೂಸ, ಇಲ್ಲಿ ಗಾಳಿ ಇಲ್ಲ ನೋಡವಾ” ಎಂದು ಕೂಗಿದರು.

ಆಡಿಸುತ್ತಿದ್ದ ಕೋಚ್ ತಿರುಗಿದರು. “ಯಜಮಾನ್ರ, ಹೊರಗಿಂದ ಆಟಾ ಹೇಳಿಕೊಡಂಗಿಲ್ರಿ.”

“ಆಟಾ ನನಗ ಬರಂಗಿಲ್ರಿ. ನಾ ಹವಾ ಹೇಳಿದ್ನಿ.”

ಮಗಳು ಒಮ್ಮೆ ಬೇವಿನ ತುದಿ ನೋಡಿದಳು. ಅಲ್ಲಿಂದ ಚೆಂಡು ಒಳಗೆ ಬೀಳತೊಡಗಿತು. ತಡವಾಗಿತ್ತು, ಸೋತಳು, ಆದರೆ ಕೊನೆಕೊನೆಗೆ ಎದುರಿನ ಹುಡುಗಿ ಓಡಿ ಓಡಿ ಬೆವೆತಿದ್ದಳು.

ಕೋಚ್ ನಮ್ಮ ಹತ್ತಿರ ಬಂದು ಎಲ್ಲ ಕೇಳಿ ತಿಳಿದುಕೊಂಡರು. ಕಣದ ಮಾತು ಬಂದಾಗ ನಕ್ಕರು. “ಹುಡುಗಿ ಕೈ ಛಲೋ ಐತ್ರಿ. ತಗೊಂತೀನಿ. ಆದ್ರ ವಾರಕ್ಕ ಎರಡ ದಿನಾ ಅಷ್ಟ ಇಲ್ಲಿ ಆಡಿ, ಉಳದ ದಿನಾ ಆ ಗಾಳ್ಯಾಗ ಆಡಿದ್ರ ಕೈ ಮತ್ತ ಗೆರಿ ಹೊರಗ ಹೋಗತೈತಿ. ಗಾಳಿ ಇಲ್ಲದ ಜಾಗಾ ಮಾಡಿ ಕೊಡ್ರಿ, ಇಲ್ಲಂದ್ರ ನನಗ ಆಗಂಗಿಲ್ರಿ.”

ಮರಳುವ ಬಸ್ಸಿನಲ್ಲಿ ಮಗಳು ಬೂಟುಗಳನ್ನು ಟವೆಲ್ಲಿನಲ್ಲಿ ಸುತ್ತಿ ಅಜ್ಜನ ತೊಡೆಯ ಮೇಲಿಟ್ಟಳು. ನಮ್ಮ ಊರಿನಲ್ಲಿ ಸಪಾಟಾದ ಬೇರೆ ಜಾಗವೇ ಇಲ್ಲವೆಂಬುದು ಅವಳಿಗೂ ಗೊತ್ತಿತ್ತು. ಮಾವ ಕಿಟಕಿಯಾಚೆ ಜೋಳದ ಹೊಲಗಳನ್ನು ನೋಡುತ್ತ ಬಂದರು.

ಮರುದಿನ ಬೆಳಿಗ್ಗೆ ಚಹಾ ಕೊಡಲು ಹುಡುಕಿದರೆ ಅವರು ಕಣದ ಬಳಿ ಇದ್ದರು. ಗಾಳಿ ಬರುವ ಮಗ್ಗುಲಿಗೆ ಉದ್ದಕ್ಕೆ ಗುಂಡಿ ತೋಡುತ್ತಿದ್ದರು. ಪಕ್ಕದಲ್ಲಿ ನುಗ್ಗೆಯ ಕೊಂಬೆಗಳ ಹೊರೆ, ಹಿಂದೊಂದು ಸಾಲಿಗೆ ಬೇವಿನ ಸಸಿಗಳು. ಹಾದಿಯಲ್ಲಿ ಹೊರಟಿದ್ದ ನೆರೆಯವರೊಬ್ಬರು ನಿಂತು ನೋಡಿ, “ಏನ್ರಿ ಕಾಕಾ, ಗಾಳಿ ಸಲುವಾಗಿ ಗುಡ್ಡಾ ಹತ್ತಿ ಕಣಾ ಹುಡಿಕಿದವ್ರು ಈಗ ಗಾಳಿಗೆ ಗ್ವಾಡಿ ಕಟ್ಟಾಕತ್ತೀರೆಲ್ಲ. ತಲಿ ನೆಟ್ಟಗೈತಿಲ್ಲೊ?” ಎಂದರು.

ಮಾವ ಸಲಿಕೆ ನಿಲ್ಲಿಸಲಿಲ್ಲ. “ರಾಶಿ ಮಷೀನ್ ಮಾಡತೈತೆಪಾ. ಈ ಕೆಲಸಾ ಮಷೀನಿಗಿ ಬರಂಗಿಲ್ಲ.”

ಕೋಚ್ ಒಂದು ಮಳೆಗಾಲದಷ್ಟು ಗಡುವು ಕೊಟ್ಟರು. ನುಗ್ಗೆ ಬೇಗ ಏಳುವ ಜಾತಿ. ದೀಪಾವಳಿಯ ಹೊತ್ತಿಗೆ ನನ್ನ ತಲೆಗಿಂತ ಎತ್ತರವಾಗಿತ್ತು. ಒಂದು ಸಂಜೆ ಮಗಳು ಅಜ್ಜನಂತೆಯೇ ಹೊಟ್ಟು ಎತ್ತಿ ಬಿಟ್ಟಳು. ಅದು ಸ್ವಲ್ಪ ಓರೆಯಾಗಿ, ಆದರೆ ನವಾರದ ಗೆರೆಯೊಳಗೇ ಬಿತ್ತು. ಅವಳು ಬೂಟು ಹಾಕಿಕೊಳ್ಳಲು ಅಂಚಿಗೆ ಓಡಿದಳು. ಮಾವ ಮೆಟ್ಟು ಆಚೆಯೇ ಬಿಟ್ಟು, ಚೆಂಡು ಎಸೆದುಕೊಡಲು ಬರಿಗಾಲಲ್ಲಿ ನೆಟ್ಟಿನ ಆ ಕಡೆ ಹೋಗಿ ನಿಂತರು.

ನಾನು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದೆ. ನುಗ್ಗೆಗೆ ಕಂಬಳಿಹುಳ ಬಂದರೆ ಗತಿಯೇನು ಎಂಬುದು ಆಗ ತಾನೇ ನೆನಪಾಗಿತ್ತು.