ಪನ್ನೀರು ದ್ರಾಕ್ಷಿಯ ಬಾಟಲಿ

ನಾನು ದ್ರಾಕ್ಷಿಯವಳು. ತಮಿಳುನಾಡಿನ ಕಂಬಂ ಕಣಿವೆಗೆ ಸೊಸೆಯಾಗಿ ಬಂದು ಮೂವತ್ತು ವರ್ಷವಾಯಿತು. ಅಷ್ಟೂ ವರ್ಷ ಪನ್ನೀರು ದ್ರಾಕ್ಷಿಯ ಚಪ್ಪರದ ಕೆಳಗೇ ಕತ್ತೆತ್ತಿ ನಡೆದಿದ್ದೇನೆ. ಗೊಂಚಲು ನೋಡಿದರೆ ಇನ್ನೆಷ್ಟು ದಿನಕ್ಕೆ ಕೊಯ್ಯಬೇಕೆಂದು ಹೇಳಬಲ್ಲೆ. ಒಂದು ಹಣ್ಣು ಬಾಯಿಗೆ ಹಾಕಿದರೆ ತೋಟದ ಯಾವ ಮೂಲೆಯದೆಂದೂ ಹೇಳಿಬಿಡುತ್ತೇನೆ. ಜಂಬ ಅನ್ನುತ್ತೀರಾ? ಅನ್ನಿ, ನನಗೇನೂ ಬೇಜಾರಿಲ್ಲ.

ನಮ್ಮ ಈಗಿನ ಚಪ್ಪರ ಮಾವ ಹಾಕಿದ್ದು. ಮೊದಲ ಬಳ್ಳಿಯನ್ನು ಕಂಬಕ್ಕೆ ನನ್ನ ಕೈಯಿಂದಲೇ ಕಟ್ಟಿಸಿದ್ದರು. ಅದನ್ನು ಕಿತ್ತುಹಾಕಬೇಕೆಂದು ಹೊರಟವರು ನನ್ನ ಗಂಡನ ಅಣ್ಣ, ನಮ್ಮ ಭಾವ.

"ಮಳೆ ಬಿದ್ರೆ ಹಣ್ಣು ಒಡೀತೈತೆ. ಒಡೆದ ಹಣ್ಣನ್ನ ಯಾವನು ಕೇಳ್ತಾನೆ? ಪೋದುಮವ್ವಾ, ಸಾಕಾಯ್ತು, ಕಿತ್ತು ಬಾಳೆ ಇಡೋಣ," ಎಂದರು ಒಂದು ಬೆಳಿಗ್ಗೆ.

ಅವರು ಹೇಳಿದ್ದು ಸುಳ್ಳಲ್ಲ. ಒಡೆದ ಹಣ್ಣಿಗೆ ಒಬ್ಬನೇ ದಲ್ಲಾಳಿ ಬರುತ್ತಿದ್ದ. ಹೆಸರಿಗೆ ಒಂದಿಷ್ಟು ಕೊಟ್ಟು, ನಮ್ಮ ಕ್ರೇಟುಗಳ ಸಮೇತ ಹೊತ್ತೊಯ್ಯುತ್ತಿದ್ದ. ಕ್ರೇಟು ವಾಪಸ್ ಬಾರದ್ದಕ್ಕೆ ಭಾವ ಅವನನ್ನು ಬೈಯುತ್ತಿದ್ದರೇ ಹೊರತು, ಹಣ್ಣು ಎಲ್ಲಿಗೆ ಹೋಗುತ್ತದೆಂದು ನಮ್ಮಲ್ಲಿ ಯಾರೂ ಕೇಳಿರಲಿಲ್ಲ.

ಆದರೆ ಚಪ್ಪರ ಕೀಳಲು ನಾನು ಬಿಡುವುದುಂಟೆ? "ಒಡೆದ ಹಣ್ಣಲ್ಲಿ ವೈನ್ ಮಾಡ್ಬೋದಲ್ಲ ಭಾವ!" ಎಂದುಬಿಟ್ಟೆ. ವೈನಿನ ಬಣ್ಣ ಬಿಟ್ಟು ಮತ್ತೇನೂ ಗೊತ್ತಿರಲಿಲ್ಲ ನನಗೆ.

ಭಾವ ಬಿದ್ದು ಬಿದ್ದು ನಕ್ಕರು. "ನಮ್ಮ ಪನ್ನೀರಲ್ಲಿ ವೈನಾ! ಸರಿ, ನಮ್ಮ ಹಣ್ಣಲ್ಲಿ ಮಾಡಿದ ಒಂದು ಒಳ್ಳೆ ಕೆಂಪು ವೈನು, ನಮ್ಮಂಥೋರು ಕೊಡೋ ಕಾಸಿಗೆ, ತಂದು ನನ್ನ ಬಾಯಿಗೆ ಹಾಕು. ಚೆನ್ನಾಗೈತೆ ಅಂತ ನಾನೇ ಹೇಳಿದ್ರೆ ಚಪ್ಪರ ಮುಟ್ಟಲ್ಲ. ಈ ಕೊಯ್ಲು ಮುಗಿದು ಕವಾತಿಗೆ ಕತ್ತರಿ ಹಿಡಿಯೋದರೊಳಗೆ ತರಬೇಕು."

ಮುಂದಿನ ಬೆಳೆಗೆಂದು ಬಳ್ಳಿ ಸವರುವ ಕವಾತಿಗೆ ಇನ್ನು ಮೂರೇ ವಾರ ಇತ್ತು.

ಮೊದಲು ತೇನಿಗೆ ಹೋದೆ. ನನ್ನ ಗಂಡ ಜೊತೆಗೆ ಬಂದರು, ಆದರೆ ಸರ್ಕಾರಿ ಸಾರಾಯಿ ಅಂಗಡಿಯ ಬೀದಿ ಬಂದದ್ದೇ ತಡ, ಟೀ ಅಂಗಡಿಗೆ ನುಗ್ಗಿ ಬೆನ್ನು ತಿರುಗಿಸಿ ಕುಳಿತರು. ಕಬ್ಬಿಣದ ಜಾಲರಿಯ ಮುಂದೆ ನಿಂತಿದ್ದ ಗಂಡಸರು ಪೊಲೀಸರು ಬಂದ ಹಾಗೆ ಸರಿದು ದಾರಿ ಬಿಟ್ಟರು. ಅಲ್ಲಿ ಸಿಕ್ಕಿದ್ದು ಕೆಮ್ಮಿನ ಔಷಧಿಗೆ ಸಕ್ಕರೆ ಕಲಸಿದಂಥದ್ದು. ಥೂ! ತೆಂಗಿನ ಬುಡಕ್ಕೆ ಸುರಿದೆ.

ಆಮೇಲೆ ದಿಂಡಿಗಲ್. ಅಲ್ಲಿಯ ದೊಡ್ಡ ಅಂಗಡಿಯಲ್ಲಿ ಪರದೇಶದ ಬಾಟಲಿಗಳೂ ಇದ್ದವು. ಒಂದೊಂದರ ಬೆಲೆಗೆ ನಮ್ಮ ಮನೆಯ ಎಲ್ಲ ಬಾಗಿಲಿಗೂ ಆ ಊರಿನ ಹೆಸರಾಂತ ಬೀಗ ಹಾಕಿಸಬಹುದಿತ್ತು. ನಮ್ಮ ಹಣ್ಣಿನದೇ ಬೇಕು ನಿಜ, ಆದರೆ ಒಳ್ಳೆಯ ವೈನ್ ಹೇಗಿರುತ್ತದೆಂದು ಮೊದಲು ತಿಳಿಯಬೇಕಲ್ಲ! ಬೇರೆ ರಾಜ್ಯದ, ಸಾಧಾರಣ ಬೆಲೆಯ ಒಂದನ್ನು ತಂದೆ. ಒಂದು ಗುಟುಕು ಕುಡಿದೆ ನೋಡಿ, ನಾಲಿಗೆಯೆಲ್ಲ ಒಗರು, ಎಳೆ ಬಾಳೆಕಾಯಿ ಕಚ್ಚಿದ ಹಾಗೆ. ಇದು ಕೆಟ್ಟುಹೋಗಿದೆ ಅಂತ ತೀರ್ಮಾನಿಸಿ, ಮರುದಿನವೇ ಬಾಟಲಿಯನ್ನು ಟವಲಿನಲ್ಲಿ ಸುತ್ತಿಕೊಂಡು ಮತ್ತೆ ದಿಂಡಿಗಲ್ ಬಸ್ಸು ಹತ್ತಿದೆ.

"ಹುಳಿತು ಹೋಗಿದೆ. ಬದಲಾಯಿಸಿ ಕೊಡಿ," ಎಂದೆ ತಮಿಳಿನಲ್ಲಿ, ಅಂಗಡಿಯ ಮೇಲ್ವಿಚಾರಕನಿಗೆ. "ಮೂವತ್ತು ವರ್ಷ ದ್ರಾಕ್ಷಿ ಬೆಳೆದವಳು ನಾನು. ನನಗೆ ಪಾಠ ಹೇಳಬೇಡಿ."

ಆತ ತಲೆ ನರೆತ, ಸಮಾಧಾನದ ಮನುಷ್ಯ. ಮುಚ್ಚಳಕ್ಕೆ ಒಂದಿಷ್ಟು ಬಗ್ಗಿಸಿಕೊಂಡು ಮೂಸಿ, ಚಪ್ಪರಿಸಿದ. "ಚೆನ್ನಾಗಿಯೇ ಇದೆ ಅಮ್ಮಾ. ಹಣ್ಣನ್ನು ಸಿಪ್ಪೆ, ಬೀಜ ಎಲ್ಲ ಸೇರಿಸಿಯೇ ಕೊಳೆಹಾಕುತ್ತಾರೆ. ಬಣ್ಣ, ಒಗರು ಎರಡೂ ಅದರಿಂದಲೇ ಬರುವುದು. ನಿಮ್ಮ ದ್ರಾಕ್ಷಿಯ ಸಿಪ್ಪೆ ಯಾವ ರುಚಿ?"

ನಮ್ಮ ಕಣಿವೆಯಲ್ಲಿ ಪನ್ನೀರು ಹಣ್ಣನ್ನು ತುಟಿಯ ನಡುವೆ ಒತ್ತಿ, ತಿರುಳನ್ನು ಒಳಗೆ ಸೆಳೆದುಕೊಂಡು, ಸಿಪ್ಪೆ ಬೀಜ ಉಗುಳುತ್ತೇವೆ. ಹಲ್ಲು ಬರುವ ಮುಂಚೆಯೇ ಮಕ್ಕಳಿಗೆ ಅದನ್ನೇ ಕಲಿಸುತ್ತೇವೆ. ಮೂವತ್ತು ವರ್ಷ ಮೂರು ಹೊತ್ತೂ ದ್ರಾಕ್ಷಿ ತಿಂದ ನಾನು ಒಂದು ಸಲವೂ ಸಿಪ್ಪೆ ಅಗಿದವಳಲ್ಲ. ನಾಚಿಕೆಯಿಂದ ಮುಖ ಬಿಸಿಯಾಯಿತು.

ಆತನಿಗೆ ಕನಿಕರ ಬಂದಿರಬೇಕು. ಬಗ್ಗಿ, ಎಲ್ಲಕ್ಕಿಂತ ಕೆಳಗಿನ ಹಲಗೆಯಿಂದ ಧೂಳು ಹಿಡಿದ ಒಂದು ಬಾಟಲಿ ತೆಗೆದ. "ಇದು ನಿಮ್ಮ ಕಡೆಯದೇ, ಪನ್ನೀರು ಹಣ್ಣಿನದು. ಯಾರೂ ಕೇಳುವುದಿಲ್ಲ." ಬೋಡಿಮೆಟ್ಟು ಘಾಟಿಯ ಬುಡದ ವಿಳಾಸ. ಬೆಲೆ ಹಬ್ಬಕ್ಕೆ ತರುವ ಕುರಿಮಾಂಸಕ್ಕಿಂತ ಕಡಿಮೆ.

ಮನೆಗೆ ಬಂದವಳೇ ನೇರ ಚಪ್ಪರದಡಿಗೆ ಹೋಗಿ ಒಂದು ಹಣ್ಣನ್ನು ಸಿಪ್ಪೆ ಸಮೇತ ಅಗಿದೆ. ಮೊದಲು ಒಗರು, ಆಮೇಲೆ ಮೂಗಿನ ಹತ್ತಿರ ಪನ್ನೀರಿನ ಘಮ. ಬಾಟಲಿ ತೆರೆದು ಕುಡಿದೆ. ಅದೇ ಒಗರು, ಅದೇ ಘಮ! "ಅಯ್ಯೋ, ನಮ್ಮದೇ ಕಣ್ರೀ ಇದು!" ಎಂದು ಕೂಗಿಕೊಂಡೆ. ನನ್ನ ಗಂಡ ಬೇಲಿಯ ಕಡೆ ನೋಡಿ, "ಮೆಲ್ಲಗೆ, ಮೆಲ್ಲಗೆ," ಎಂದರು.

ಆದರೆ ಭಾವ ಅಷ್ಟಕ್ಕೆ ಬಗ್ಗುವವರಲ್ಲ, ಯಾರ ತೋಟದ ಹಣ್ಣೋ ಅನ್ನುತ್ತಾರೆ. ಹಾಗಾಗಿ ಮರುದಿನ ಆ ವಿಳಾಸಕ್ಕೇ ಹೋದೆವು. ಸಣ್ಣ ಕಾರ್ಖಾನೆ. ಅಂಗಳಕ್ಕೆ ಕಾಲಿಟ್ಟೆ, ಅಲ್ಲೇ ನಿಂತುಬಿಟ್ಟೆ. ಗೋಡೆಗೆ ಒರಗಿಸಿ ಪೇರಿಸಿದ್ದ ಹಳದಿ ಕ್ರೇಟುಗಳ ಮೂಲೆಯಲ್ಲಿ ಮೂರು ನೀಲಿ ಗೆರೆ. ನಮ್ಮ ಕ್ರೇಟುಗಳಿಗೆ ಭಾವ ತಮ್ಮ ಕೈಯಾರೆ ಬಳಿಯುವ ಗುರುತು!

"ಆ ತೋಟದ ಒಡೆದ ಹಣ್ಣು ಬಂದರೆ ಬೇರೆಯಾಗಿ ಇಡುತ್ತೇವೆ," ಎಂದರು ಅಲ್ಲಿಯ ಮೇಸ್ತ್ರಿ. "ಅಂಥ ಘಮ ಬೇರೆ ಹಣ್ಣಿಗಿಲ್ಲ. ಯಾರ ತೋಟ ಅಂತ ದಲ್ಲಾಳಿ ಬಾಯಿ ಬಿಡುತ್ತಿಲ್ಲ."

"ನಮ್ಮದು," ಎಂದೆ. ಕಣ್ಣು ತುಂಬಿ ಬಂತು. ಬರುವಾಗ ಒಂದು ಕ್ರೇಟು ಕೇಳಿ ತಂದೆ.

ಸಂಜೆ ಭಾವನನ್ನು ಚಪ್ಪರದ ಪಕ್ಕದ ಕಟ್ಟೆಯ ಮೇಲೆ ಕೂರಿಸಿ, ಮುಂದೆ ಆ ಕ್ರೇಟನ್ನೇ ಬೋರಲು ಹಾಕಿ, ಸ್ಟೀಲ್ ಲೋಟದಲ್ಲಿ ವೈನ್ ಕೊಟ್ಟೆ. ಒಂದು ಗುಟುಕಿಗೆ ಮುಖ ಹಿಂಡಿದರು. "ಒಗರು," ಎಂದರು. ಇನ್ನೊಂದು ಗುಟುಕು. ಮೂರನೆಯದಕ್ಕೆ ಕಣ್ಣು ಮುಚ್ಚಿದರು.

"ಹೂಂ."

"ಹೂಂ ಅಂದ್ರೆ ಆಗಲ್ಲ ಭಾವ. ಬಾಯಿ ಬಿಟ್ಟು ಹೇಳಿ."

ಲೋಟ ಕೆಳಗಿಡಲು ಬಗ್ಗಿದವರು ಗೆರೆಗಳನ್ನು ಕಂಡರು. "ಇದು ನಮ್ಮ ಕ್ರೇಟಲ್ಲವಾ?"

ಎಲ್ಲಿ ಸಿಕ್ಕಿತು, ಮೇಸ್ತ್ರಿ ಏನಂದರು, ಎಲ್ಲ ಹೇಳಿದೆ. ಭಾವ ಹೆಬ್ಬೆರಳಿನಿಂದ ನೀಲಿ ಗೆರೆ ಸವರಿದರು. ಆಮೇಲೆ ಎದ್ದು ಚಪ್ಪರದಡಿ ಹೋಗಿ, ಒಡೆದ ಹಣ್ಣೊಂದನ್ನು ಕಿತ್ತು ಬಾಯಿಗೆ ಹಾಕಿಕೊಂಡರು. ಅಭ್ಯಾಸದಂತೆ ಸಿಪ್ಪೆ ತುಟಿಯ ತುದಿಗೆ ಬಂತು. ಅರವತ್ತು ದಾಟಿದ ನಮ್ಮ ಭಾವ ಅದನ್ನು ಉಗುಳಲಿಲ್ಲ. ಒಳಗೆ ಎಳೆದುಕೊಂಡು ಅಗಿಯತೊಡಗಿದರು.

"ಚೆನ್ನಾಗೈತವ್ವಾ," ಎಂದರು ಅಗಿಯುತ್ತಲೇ. "ಕವಾತಿಗೆ ಆಳುಗಳಿಗೆ ಹೇಳು."