ಕೆಂಚಿಯ ಕಾಲಿನ ತೊಡರು

ಪಕ್ಕದ ಗುಡಾರದ ನೋರ್ಜ್‌ಮಾ ಬೆಚ್ಚಿದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ. ನಮ್ಮ ಹುಲ್ಲುಗಾವಲು ಅಗೆಯಲು ಬಂದ ಗಣಿಯವರ ಲಾರಿಗೆ ಅಡ್ಡವಾಗಿ ನಾವೆಲ್ಲ ನೆಲದ ಮೇಲೆ ಮಲಗಿದ ದಿನ ಚಕ್ರ ಅವಳ ತಲೆಗೆ ಮೊಳ ದೂರದಲ್ಲಿ ನಿಂತಿತ್ತು. ಅವಳು ನಶ್ಯದ ಬುರುಡೆ ತೆಗೆದು, "ಏಯ್, ಇಂಜಿನ್ ಆರ್ಸೋ. ಹೊಗೆಗೆ ಸೀನು ಬರ್ತದೆ" ಅಂದಿದ್ದಳು. ಅಂಥವಳು ಈ ಬೇಸಿಗೆಯಲ್ಲಿ ಒಂದು ಕುದುರೆಯ ಮುಂದೆ ಮಾತು ಸತ್ತು ನಿಂತಳು.

ಆ ಕುದುರೆ ಕೆಂಚಿ. ನಮ್ಮಲ್ಲಿ ಕುದುರೆಗೆ ಹೆಸರಿಡುವುದಿಲ್ಲ, ಮೈಬಣ್ಣವೇ ಹೆಸರು. ವಯಸ್ಸು ಹದಿನೇಳು. ನೋರ್ಜ್‌ಮಾಳ ಸತ್ತ ಗಂಡ ಬೆಳೆಸಿದ್ದ ಓಟದ ತಳಿಯಲ್ಲಿ ಉಳಿದಿದ್ದ ಹೆಣ್ಣು ಅದೊಂದೇ. ಮೂರು ವರ್ಷ ಬರಡಾಗಿದ್ದದ್ದು ಈ ವಸಂತದಲ್ಲಿ ಗಬ್ಬ ಕಟ್ಟಿತು. ನೋರ್ಜ್‌ಮಾ ಅದರ ಬೆನ್ನಿಗೆ ಜೀನು ಹಾಕಲಿಲ್ಲ, ಜೊತೆಯ ಕುದುರೆಯನ್ನು ಬೇರೆ ಮಾಡಲಿಲ್ಲ. ಆ ಜೊತೆ ಬಿಳಿಯ, ಗಂಡ ಸವಾರಿ ಮಾಡುತ್ತಿದ್ದ ಬೀಜ ಒಡೆದ ಮುದಿ ಕುದುರೆ. ಎರಡೂ ಇಡೀ ದಿನ ಒಂದರ ಮುಖಕ್ಕೆ ಇನ್ನೊಂದರ ಬಾಲ ಕೊಟ್ಟು ನೊಣ ಓಡಿಸುತ್ತ ನಿಂತಿರುತ್ತಿದ್ದವು.

ಜುಲೈನಲ್ಲಿ ಸಿಡಿಲು ಬಡಿದು ಮಂದೆಯ ಬೀಜದ ಗಂಡು ಸತ್ತಿತು. ಗಂಡಿಲ್ಲದ ಮಂದೆ ಚೆದುರುತ್ತದೆ, ಚೆದುರಿದ್ದು ತೋಳದ ಪಾಲು. ಪಕ್ಕದ ಕಣಿವೆಯ ಚೋಯ್ಜಿಲ್ ತನ್ನ ಬೀಜದ ಗಂಡು ಕರಿಯನನ್ನು ಹಿಡಿದುಕೊಂಡು ಬಂದ.

"ಅಕ್ಕಾ, ಹಿಮ ಬೀಳೋ ತನಕ ಇಟ್ಕೋ."

"ಇವನೂ ನಿನ್ನ ಹಾಗೇ ಅಲ್ವೇನೋ? ಹೆಣ್ಣು ಕಂಡ್ರೆ ಕತ್ತು ನೆಟ್ಟಗೆ."

"ನನ್ನ ಕತ್ತು ಬಗ್ಗಿ ಹತ್ತು ವರ್ಷ ಆಯ್ತು. ಬೇಕಾದ್ರೆ ನನ್ನ ಹೆಂಡ್ತೀನ ಕೇಳು."

ಹೊಸ ಗಂಡು ಗಬ್ಬದ ಹೆಣ್ಣುಗಳನ್ನು ಹತ್ತಿ ಕಾಡುತ್ತದೆ, ಗಬ್ಬ ಇಳಿದುಹೋಗುತ್ತದೆ ಅನ್ನುವುದು ನೋರ್ಜ್‌ಮಾಗೆ ಗೊತ್ತಿತ್ತು. ಉಳಿದವು ಗಟ್ಟಿ, ಒದ್ದು ಓಡುತ್ತವೆ. ಚಿಂತೆ ಇದ್ದದ್ದು ಕೆಂಚಿಯದು. ಅದಕ್ಕೇ ಅದನ್ನೂ ಬಿಳಿಯನನ್ನೂ ಗುಡಾರದ ಹತ್ತಿರವೇ ಬಿಟ್ಟು ಕಾಲಿಗೆ ತೊಡರು ಹಾಕಿದಳು: ಮುಂಗಾಲು ಎರಡು, ಹಿಂಗಾಲು ಒಂದು, ಸೇರಿಸಿ ಕಟ್ಟುವ ಹಸಿಚರ್ಮದ ಪಟ್ಟಿ. ಯಾವುದು ಕಳೆದುಹೋಗಬಾರದೋ ಅದಕ್ಕೆ ತೊಡರು ಹಾಕುವುದು ನಮಗೆ ಹುಟ್ಟಿನಿಂದ ಬಂದ ಬುದ್ಧಿ.

"ಕಣ್ಣೆದುರಿಗೆ ಇದ್ರೆ ಯಾವನು ಮುಟ್ತಾನೆ?" ಅಂದಳು. ನಾನೂ ಹೂಂ ಅಂದೆ.

ಮೂರನೆಯ ದಿನ, ನಡುಹಗಲು. ಒಳಗೆ ಅವಳು ಹುಳಿಗೆ ಹಾಕಿದ ಕುದುರೆಹಾಲು ಕಡೆಯುತ್ತಿದ್ದಳು, ನಾನು ನಿನ್ನೆಯದನ್ನು ಕುಡಿಯುತ್ತಿದ್ದೆ. ನಾಯಿ ಒಂದೇ ಸಮನೆ ಬೊಗಳಿತು. ಹೊರಗೆ ಬಂದರೆ ಕರಿಯ ಕೆಂಚಿಯ ಬೆನ್ನ ಮೇಲೆ ಏರಿದ್ದ, ಹಲ್ಲು ಅದರ ಕತ್ತಿನಲ್ಲಿ ಊರಿದ್ದವು. ಕೆಂಚಿ ಒದೆಯಲು ನೋಡಿತು, ಕಾಲು ಏಳಲಿಲ್ಲ. ಓಡಲು ನೋಡಿತು, ಮೊಣಕಾಲೂರಿ ಬಿತ್ತು. ಎದ್ದಿತು. ಕರಿಯ ಮತ್ತೆ ಹತ್ತಿದ. ಬಿಳಿಯ ತೊಡರಿನ ಕಾಲಲ್ಲೇ ಕುಪ್ಪಳಿಸುತ್ತ ನಡುವೆ ನುಗ್ಗಿ, ಎದೆಗೆ ಒದೆ ತಿಂದು ಮಗುಚಿಬಿದ್ದ. ನಾನು ಕುಣಿಕೆ ಕಟ್ಟಿದ ಗಳು ಬೀಸಿ ಕರಿಯನನ್ನು ಎಳೆಯುವಷ್ಟರಲ್ಲಿ ಎಲ್ಲ ಮುಗಿದಿತ್ತು.

ನೋರ್ಜ್‌ಮಾ ಕಡೆಗೋಲು ಹಿಡಿದುಕೊಂಡೇ ನಿಂತಿದ್ದಳು. ಹಾಲು ತೊಟ್ಟಿಕ್ಕಿ ಬೂಟಿನ ಮೇಲೆ ಬೀಳುತ್ತಿತ್ತು. ಕೂಗಲಿಲ್ಲ, ಬೈಯಲಿಲ್ಲ. ಬೈಗುಳವೇ ಉಸಿರಾಗಿದ್ದ ಹೆಂಗಸು!  ಬಗ್ಗಿ ಕೆಂಚಿಯ ತೊಡರು ಬಿಚ್ಚುತ್ತ ಅಂದಳು: "ಅದಕ್ಕೆ ಕಾಲಿತ್ತಲ್ಲೋ. ನಾನೇ ಕಟ್ಟಿದ್ದು."

ಅದಾದ ಒಂಬತ್ತನೆಯ ದಿನ ಬೆಳಿಗ್ಗೆ ಕೆಂಚಿ ಕಂದು ಹಾಕಿತು. ಹುಲ್ಲಿನಲ್ಲಿ ಅಂಗೈಯಷ್ಟು ದೊಡ್ಡದೊಂದು, ತೆಳ್ಳಗಿನ ಪೊರೆಯೊಳಗೆ. ಗೊರಸು ಮೂಡಿತ್ತು. ಅವಳು ಅದನ್ನು ಕಲ್ಲಿನಡಿ ಮುಚ್ಚಿ ಬಂದು ಕೈ ತೊಳೆದಳು.

ಸುದ್ದಿ ಕೇಳಿ ಬಂದ ಚೋಯ್ಜಿಲ್ ಟೋಪಿ ತೆಗೆದು ಬಾಗಿಲಲ್ಲೇ ನಿಂತ. "ಕರಿಯನ್ನ ಹೊಡ್ಕೊಂಡು ಹೋಗ್ತೀನಿ ಅಕ್ಕಾ. ಮುಂದಿನ ವರ್ಷ ಮತ್ತೆ ಗಬ್ಬ ನಿಲ್ತದೆ ಬಿಡು."

"ನಿಲ್ಲಲ್ಲ. ಸುಳ್ಳು ಹೇಳ್ಬೇಡ, ಟೀ ಕುಡಿ. ಕರಿಯ ಇಲ್ಲೇ ಇರ್ಲಿ, ಉಳಿದವನ್ನ ತೋಳಕ್ಕೆ ಕೊಡ್ಲಾ? ಅವನದೇನೂ ತಪ್ಪಿಲ್ಲ."

ಈಗ ಕೆಂಚಿ, ಬಿಳಿಯ ಎರಡಕ್ಕೂ ತೊಡರಿಲ್ಲ. ದಿನಾ ಎಲ್ಲೋ ಹೋಗಿರುತ್ತವೆ. ದಿನಾ ಬೆಳಿಗ್ಗೆ ಅವಳು ಎರಡು ಗಂಟೆ ನಡೆದು ಹುಡುಕುತ್ತಾಳೆ. ನನ್ನ ಗುಡಾರದ ಮುಂದೆ ನಿಂತು ಕೂಗದೆ ಮುಂದೆ ಹೋಗುವುದಿಲ್ಲ.

"ಏಳೋ ಮುದಿಯಾ. ನೀನೂ ಹೂಂ ಅಂದಿದ್ದೆ. ನಡಿ."

ನಡೆಯುತ್ತೇನೆ.